ಒಂದು ಗಂಟೆ ಮುಂದಿದ್ದ ಕಡತ

ಫೆಬ್ರವರಿಯ ಫೈನಲ್ ಪಂದ್ಯದಲ್ಲಿ ನೆಸ್ಟರ್ ಸಾವ್‌ಚುಕ್ ಕೊನೆಯ ಕಲ್ಲನ್ನು ಜಾರಿಸಿದಾಗ, ಬರ್ಡಾಕ್ ಊರಿನ, ಕರ್ಲಿಂಗ್ ಎಂಬ ಮಂಜಿನಾಟದ ಅಂಕಣದ ಕಂಪ್ಯೂಟರು 'ದಯವಿಟ್ಟು ಆರಿಸಬೇಡಿ, ಹೊಸ ಆವೃತ್ತಿ ಅಳವಡಿಸಲಾಗುತ್ತಿದೆ, ಶೇಕಡಾ ನಾಲ್ಕು' ಎಂದು ಬರೆದುಕೊಂಡು ಕೂತು ಎರಡೂವರೆ ಗಂಟೆಯಾಗಿತ್ತು. ನೆಲದಡಿಯ ಕೊಳವೆಗಳಿಗೆ ತಂಪು ಕಳಿಸುವ ಕಂಪ್ರೆಸರ್ ಅದರ ಅಪ್ಪಣೆಗಾಗಿ ಕಾಯುತ್ತಿತ್ತು. ಕೈಯಿಂದ ಚಾಲೂ ಮಾಡುವ ಗುಂಡಿಯನ್ನು, ಸಿಸ್ಟಂ ಮಾರಿದವನು ಸುರಕ್ಷತೆಯ ಹೆಸರಿನಲ್ಲಿ ಹಿಂದಿನ ವರ್ಷವೇ ಕಿತ್ತುಹಾಕಿಸಿದ್ದ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಒಳಗೆ ಪ್ರೇಕ್ಷಕರಿಗಾಗಿ ಹೀಟರುಗಳು ಉರಿಯುತ್ತಿದ್ದವು. ಆ ದಿನ ಇಡೀ ಪ್ರಾಂತ್ಯದಲ್ಲಿ ಕರಗಿದ ಮಂಜುಗಡ್ಡೆ ಎಂದರೆ ಅದೊಂದೇ ಇರಬೇಕು.

ನಲವತ್ತು ಪೌಂಡಿನ ಕಲ್ಲು ಎರಡೂ ಬದಿಗೆ ಅಲೆ ಎಬ್ಬಿಸುತ್ತಾ ಹೋಗಿ, ಆಚೆ ತುದಿಯ ಗುರಿಯ ವೃತ್ತ ಮುಟ್ಟದೆ ಮುಕ್ಕಾಲು ದಾರಿಯಲ್ಲೇ ನಿಂತಿತು. ಕಲ್ಲಿನ ಮುಂದೆ ಮಂಜನ್ನು ಉಜ್ಜಿ ದಾರಿ ಮಾಡಿಕೊಡಬೇಕಾದ ಇಬ್ಬರು ಪೊರಕೆ ಹಿಡಿದು ನೀರು ಗುಡಿಸುತ್ತಿದ್ದರು. ನೆಸ್ಟರ್ ಅಂಕಣ ಸಮಿತಿಯ ಅಧ್ಯಕ್ಷ. ಮೂವತ್ತು ವರ್ಷ ಧಾನ್ಯದ ಗೋದಾಮು ನಡೆಸಿದವನು. ಅದುವರೆಗೆ ಒಮ್ಮೆಯೂ ಫೈನಲ್ ತಲುಪದವನು. ಜಾರಿಸಿದ ಭಂಗಿಯಲ್ಲೇ ಮಂಡಿಯೂರಿದ್ದ ಅವನ ಪ್ಯಾಂಟು ತೊಡೆಯವರೆಗೆ ನೆನೆಯಿತು. ಎದುರು ತಂಡದವರು ರಬ್ಬರ್ ಬೂಟು ಹಾಕಿಕೊಂಡು ಬಂದು ಕಪ್ ಎತ್ತಿಕೊಂಡರು.

"ಮೂವತ್ತೊಂದು ವರ್ಷದಿಂದ ನೀನು ಮಂಜು ಹಾಕ್ತಿದ್ದೀಯ ಒಟಿಲಿ," ಎಂದ ನೆಸ್ಟರ್, ಮೇಲೇಳದೆ. "ಇವತ್ತು ನೀನು ಹಾಕಿರೋದು ಸೂಪು."

ಒಟಿಲಿ ಕ್ರೇಕರ್ ಬಗ್ಗಿ, ಮುಂಗೈಯ ಹಿಂಭಾಗವನ್ನು ನೀರಿನ ಮೇಲಿಟ್ಟು ನೋಡಿದಳು. ಮಂಜಿನ ತಾಪವನ್ನು ಅವಳು ಹಾಗೆಯೇ ಅಳೆಯುತ್ತಿದ್ದದ್ದು. ಅರ್ಧ ಡಿಗ್ರಿಯೂ ತಪ್ಪುತ್ತಿರಲಿಲ್ಲ.

ಅವಳಿಗೆ ಆಗ ಅರವತ್ತನಾಲ್ಕು. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ರೈತ ಕುಟುಂಬವೊಂದರ ಒಂಬತ್ತು ಮಕ್ಕಳಲ್ಲಿ ಏಳನೆಯವಳು. ಹಗಲು ಆಸ್ಪತ್ರೆಯ ಅಡಿಗೆಮನೆಯಲ್ಲಿ ಬ್ರೆಡ್ ಮಾಡುವ ಕೆಲಸ. ಹಿಂದಿನ ಮಂಜುಗಾರ ಮಗಳ ಮದುವೆಗೆಂದು ಪಶ್ಚಿಮ ಕರಾವಳಿಗೆ ಹೋದವನು ಅಲ್ಲಿ ಮಂಜೇ ಬೀಳುವುದಿಲ್ಲವೆಂದು ತಿಳಿದು ವಾಪಸು ಬರಲಿಲ್ಲ. ಅವನ ಕೀಲಿಗೊಂಚಲನ್ನು ಒಂದು ವಾರದ ಮಟ್ಟಿಗೆಂದು ಒಟಿಲಿಯ ಕೈಗೆ ಕೊಟ್ಟಿದ್ದರು. ಆ ವಾರ ಮೂವತ್ತೊಂದು ವರ್ಷ ನಡೆದಿತ್ತು. ಗೊಂಚಲಲ್ಲಿ ಐದು ಕೀಲಿಗಳು. ಎರಡು ಯಾವ ಬಾಗಿಲಿಗೂ ಸೇರುತ್ತಿರಲಿಲ್ಲ. ಆದರೂ ಅವಳು ಅವನ್ನು ತೆಗೆದಿರಲಿಲ್ಲ.

ಮಾರ್ಚಿನಲ್ಲಿ ಸಮಿತಿ ಸೇರಿತು. ನಗರದ ಒಂದು ಕಂಪನಿ ದೂರದಿಂದಲೇ ಮಂಜು ನೋಡಿಕೊಳ್ಳುತ್ತದಂತೆ, ಆಳೇ ಬೇಡವಂತೆ ಎಂದು ನೆಸ್ಟರ್ ಓದಿ ಹೇಳಿದ.

"ಆ ಹಾಳು ಸಿಸ್ಟಂ ಕೂಡ ದೂರದವರದ್ದೇ ಅಲ್ವಾ?" ಎಂದಳು ಒಟಿಲಿ. "ಅದರೊಳಗೆ ಏನಿದೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಒಳಗೆ ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಬ್ರೆಡ್ಡನ್ನ ನಾನು ರೋಗಿಗೆ ಕೊಡಲ್ಲ."

"ಹಂಗಾದ್ರೆ ನೀನೇ ಒಂದು ಸಿಸ್ಟಂ ಮಾಡ್ಬಿಡು ತಾಯಿ," ಎಂದ ನೆಸ್ಟರ್. "ಹಿಟ್ಟು ಕಲಸಿ, ಒಲೇಲಿಟ್ಟು."

ಎಲ್ಲರೂ ನಕ್ಕರು. ಒಟಿಲಿ ಮಾತ್ರ ಅದನ್ನು ಸೂಚನೆ ಎಂದು ತೆಗೆದುಕೊಂಡಳು. ಕಾರ್ಯದರ್ಶಿ ಲಾರ್ನ್ ಥೋರ್ವಾಲ್ಡ್‌ಸನ್ ಅಭ್ಯಾಸಬಲದಿಂದ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದೂಬಿಟ್ಟ. ಬರೆದ ಮೇಲೆ ನಿರ್ಣಯವಾಯಿತು: ಅಕ್ಟೋಬರಿನ ಕೊನೆಯ ಶನಿವಾರ ಆರು ಗಂಟೆಗೆ, ಒಟಿಲಿ ಮಾಡಿದ ಸಿಸ್ಟಂ ಸಮಿತಿಯ ಎದುರು ಕಂಪ್ರೆಸರನ್ನು ಓಡಿಸಬೇಕು. ಓಡದಿದ್ದರೆ ಕೀಲಿಗೊಂಚಲು ಕಂಪನಿಗೆ.

ಅಂಕಣದ ಕಂಪ್ಯೂಟರು ಇಪ್ಪತ್ತು ವರ್ಷ ಹಳೆಯ ಬೂದು ಪೆಟ್ಟಿಗೆ. ಸಿದ್ಧವಾಗಿ ಸಿಗುವ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. ಇನ್ನುಳಿದದ್ದು, ಜಗತ್ತಿನ ಜನ ಬರೆದು ಯಾರು ಬೇಕಾದರೂ ಓದಲೆಂದು ತೆರೆದಿಟ್ಟ ಸೋರ್ಸ್ ಕೋಡನ್ನು ತಂದು, ತುಂಡು ತುಂಡಾಗಿ ತಾನೇ ಕಟ್ಟಿಕೊಳ್ಳುವುದು. ಅದಕ್ಕೊಂದು ಉಚಿತ ಕೈಪಿಡಿ ಇತ್ತು. ಗ್ರಂಥಾಲಯದಲ್ಲಿ ಅವಳು ಅದರ ಮುನ್ನೂರ ನಲವತ್ತು ಪುಟ ಅಚ್ಚು ಹಾಕಿಸಿಕೊಂಡು, ಬ್ರೆಡ್ ಸುತ್ತುವ ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಕೈಪಿಡಿಯ ಎರಡನೆಯ ಅಧ್ಯಾಯದಲ್ಲೇ ಬಹಳ ಜನ ಬಿಟ್ಟು ಓಡುತ್ತಾರಂತೆ. ಸಿಸ್ಟಂ ಕಟ್ಟಲು ಮೊದಲೇ ಒಂದು ಸಿಸ್ಟಂ ಇರಬೇಕು. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೇಕು. ಆ ಕಂಪೈಲರನ್ನು ಕಟ್ಟಲೂ ಒಂದು ಕಂಪೈಲರ್ ಬೇಕು. ಕಟ್ಟಿದ ಮೇಲೆ ಅದರಿಂದಲೇ ಅದನ್ನೇ ಇನ್ನೊಮ್ಮೆ ಕಟ್ಟಬೇಕು. ಮೊಸರಿಲ್ಲದೆ ಹೆಪ್ಪಿಲ್ಲ, ಹೆಪ್ಪಿಲ್ಲದೆ ಮೊಸರಿಲ್ಲ. ಒಟಿಲಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವಳ ಮುತ್ತಜ್ಜಿ ರಷ್ಯಾದಿಂದ ಹಡಗು ಹತ್ತುವಾಗ ಮಣ್ಣಿನ ಜಾಡಿಯಲ್ಲಿ ಹುಳಿಹಿಟ್ಟು ತಂದಿದ್ದಳು. ಪ್ರತಿ ವಾರ ಒಂದು ಹಿಡಿ ಉಳಿಸಿ ಮುಂದಿನ ವಾರದ ಹಿಟ್ಟಿಗೆ ಸೇರಿಸಿ, ನೂರೈವತ್ತು ವರ್ಷದಿಂದ ಅದೇ ಹುಳಿ ನಡೆದು ಬಂದಿತ್ತು. ಮೊದಲ ಹುಳಿ ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಯಾರೂ ಕೇಳಿದವರಿಲ್ಲ.

ಮೇ ತಿಂಗಳ ಹೊತ್ತಿಗೆ ಅವಳ ಅಡಿಗೆಮನೆಯ ಕಂಪ್ಯೂಟರಿನಲ್ಲಿ ಮೊದಲ ಸಿಸ್ಟಂ ಹುಟ್ಟಿತು. ಕಣ್ಣು ಬಿಟ್ಟು, ಸುತ್ತ ನೋಡಿ, ಎರಡು ಸೆಕೆಂಡಿನಲ್ಲಿ ನಿಂತುಹೋಯಿತು. ಅಂಕಣದ ಅಡಿಗೆಮನೆ ನಡೆಸುವ ಬರ್ನಿಸ್ ಪೆಲ್ಟಿಯೇ ಎಂಬವಳು ಕಾಫಿಗೆ ಬಂದಿದ್ದಳು. ಒಟಿಲಿಗಿಂತ ಎರಡು ವರ್ಷ ದೊಡ್ಡವಳು.

"ಏನಂತೆ?"

"ಗಾಬರಿಯಾಗಿದೆಯಂತೆ," ಎಂದಳು ಒಟಿಲಿ, ಪರದೆ ಓದಿ. "ಮೊದಲು ಮಾಡಬೇಕಾದ ಕೆಲಸ ಯಾವುದು ಅಂತ ಸಿಗಲಿಲ್ಲವಂತೆ. ಅದಕ್ಕೇ ಗಾಬರಿ."

"ಪಾಪ. ಹುಟ್ಟಿದ ತಕ್ಷಣ ಕೆಲಸ ಹುಡುಕು ಅಂದ್ರೆ ಯಾರಿಗಾಗಲ್ಲ?" ಎಂದು ಬರ್ನಿಸ್ ಬಿಸ್ಕತ್ತು ಅದ್ದಿದಳು.

ಬೇಸಿಗೆಯಲ್ಲಿ ಹದಿನಾಲ್ಕು ಸಿಸ್ಟಂಗಳು ಹುಟ್ಟಿ ಸತ್ತವು. ಒಂದಕ್ಕೆ ಕೀಬೋರ್ಡು ಇದೆಯೆಂಬುದೇ ತಿಳಿಯಲಿಲ್ಲ. ಒಂದು ಎಲ್ಲವನ್ನೂ ಸರಿಯಾಗಿ ಮಾಡಿ, ತನ್ನ ಹೆಸರು ಕೇಳಿದರೆ 'ಯಾವುದೂ ಇಲ್ಲ' ಎನ್ನುತ್ತಿತ್ತು. ಒಟಿಲಿ ಹೆಸರಿಡುವುದನ್ನು ಮರೆತಿದ್ದಳು. ಎಲ್ಲವನ್ನೂ ಅವಳು ರೊಟ್ಟಿಯ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಕಗ್ಗಂಟಾದಾಗ ಇದೇ ಕೆಲಸದ ಗೀಳು ಹಿಡಿದವರ ಇಮೇಲ್ ಗುಂಪಿಗೆ ಬರೆಯುತ್ತಿದ್ದಳು. ಅಲ್ಲಿ ಫಿನ್ಲೆಂಡಿನ ಪೆಟ್ಟೆರಿ ಎಂಬವನು ಸಹನೆಯಿಂದ ಉತ್ತರಿಸುತ್ತಿದ್ದ. ಅವನು ಯಾರು, ಏನು ಎಂದು ಅವಳು ಕೇಳಲಿಲ್ಲ. ಒಳ್ಳೆಯ ಮಂಜು ಬೀಳುವ ಊರಿನವನೆಂಬುದೇ ಸಾಕಾಗಿತ್ತು.

ಸೆಪ್ಟೆಂಬರಿನಲ್ಲಿ ಕೆಲಸ ಅಂಕಣಕ್ಕೆ ಬಂತು. ಕೊನೆಯ ಹಂತದಲ್ಲಿ ಸಿಸ್ಟಂ ತಾನು ಬಾಳಬೇಕಾದ ಪೆಟ್ಟಿಗೆಯಲ್ಲೇ ಕಟ್ಟಲ್ಪಡಬೇಕು. ಒಟಿಲಿ ಮನೆಯಲ್ಲಿ ಕೂತು ಕಡತಗಳನ್ನು ತಿದ್ದಿ, ಬೆರಳುದ್ದದ ಪೆನ್‌ಡ್ರೈವ್ ಕಡ್ಡಿಗೆ ತುಂಬಿ, ಕೈಗವಸಿನೊಳಗಿಟ್ಟು, ಮುಖ್ಯರಸ್ತೆ ದಾಟಿ ಅಂಕಣಕ್ಕೆ ಒಯ್ಯುವಳು. ನಡೆದರೆ ಆರು ನಿಮಿಷ. ಅಲ್ಲಿಂದ ಶುರುವಾಯಿತು ಹೊಸ ತಾಪತ್ರಯ.

ಬೂದು ಪೆಟ್ಟಿಗೆ ಕೆಲಸಕ್ಕೆ ಮೊದಲು ತನ್ನ ಸುತ್ತಮುತ್ತಲಿನ ಬಗ್ಗೆ ತನಗೇ ಪ್ರಶ್ನೆ ಹಾಕಿಕೊಳ್ಳುತ್ತದೆ. ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಪರಿಸರ ಸ್ವಸ್ಥಚಿತ್ತದಲ್ಲಿದೆಯೇ? ಇದೆ. ಇಂಥವು ಇನ್ನೂರು ಪ್ರಶ್ನೆ. ಮುಗಿದ ಮೇಲೆ ಕೆಲಸ ಶುರುವಾಗಬೇಕು. ಆದರೆ ಮನೆಯಿಂದ ಕಡತ ತಂದ ದಿನ ಅದು ಇನ್ನೂರನೆಯ ಪ್ರಶ್ನೆ ಮುಗಿಸಿ ಮತ್ತೆ ಮೊದಲನೆಯದಕ್ಕೆ ಹೋಗುತ್ತಿತ್ತು. ಕಂಪೈಲರ್ ಇದೆಯೇ? ಇದೆ. ಸ್ವಸ್ಥಚಿತ್ತವೇ? ಹೌದು. ಮತ್ತೆ. ಮತ್ತೆ.

"ನಮ್ಮ ಚಿಕ್ಕಪ್ಪ ಹಿಂಗೇ ಇದ್ದ," ಎಂದಳು ಬರ್ನಿಸ್. "ಬಾಗಿಲು ಹಾಕಿದ್ದೀನಾ ಅಂತ ಹನ್ನೊಂದು ಸಲ ನೋಡೋನು."

ಬೇಸತ್ತ ಒಟಿಲಿ ಒಂದು ದಿನ ಅದನ್ನು ಹಾಗೆಯೇ ಬಿಟ್ಟು ಬರ್ನಿಸಳ ಅಡಿಗೆಮನೆಯಲ್ಲಿ ಕಾಫಿಗೆ ಕೂತಳು. ಗಂಟೆ ಬಿಟ್ಟು ಬಂದು ನೋಡಿದರೆ ಪ್ರಶ್ನೆಗಳು ನಿಂತಿದ್ದವು, ಕೆಲಸ ಮುಗಿದಿತ್ತು. ಮರುದಿನವೂ ಅಷ್ಟೇ. ಎದುರು ಕೂತು ಬೈದರೂ ಅಷ್ಟೇ ಹೊತ್ತು, ಕಾಫಿ ಕುಡಿದರೂ ಅಷ್ಟೇ ಹೊತ್ತು. ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: 'ಕಡತ ಹಾಕಿದ ಮೇಲೆ ಒಂದು ಗಂಟೆ ಉಬ್ಬಲು ಬಿಡುವುದು.'

ಪೆಟ್ಟೆರಿ ಒಪ್ಪಲಿಲ್ಲ. "ಒಟಿಲಿಯವರೇ, ಕಂಪ್ಯೂಟರು ಹಿಟ್ಟಲ್ಲ. ಅದಕ್ಕೆ ಉಬ್ಬೋ ಹೊತ್ತು ಅಂತ ಇರಲ್ಲ," ಎಂದು ಬರೆದ. ಮೆಮೊರಿ ಕೆಟ್ಟಿರಬಹುದು ಎಂದ; ಬದಲಿಸಿದಳು. ಬಿಸಿಯಾಗುತ್ತಿರಬಹುದು ಎಂದ, ಪೆಟ್ಟಿಗೆಯನ್ನು ಹಿಮದಲ್ಲಿಟ್ಟು ನೋಡಿದಳು. ಕೊನೆಗೆ ಅವನು ಕೇಳಿದ: "ಪರದೆ ಮೇಲೆ ವಿಚಿತ್ರ ಅನ್ನಿಸೋ ಸಾಲು ಏನಾದ್ರೂ ಬರುತ್ತಾ? ಒಂದೇ ಒಂದು ಸಾಲು?"

ಒಟಿಲಿ ಸಾವಿರಾರು ಸಾಲುಗಳನ್ನು ಗಮನವಿಟ್ಟು ಓದಿ ಉತ್ತರಿಸಿದಳು: "ವಿಚಿತ್ರವಾದದ್ದು ಒಂದೂ ಇಲ್ಲ."

ಅವಳು ಸುಳ್ಳು ಹೇಳುವವಳಲ್ಲ. ಆದರೆ ಆ ಸಾಲುಗಳ ನಡುವೆ ಪ್ರತಿ ಸುತ್ತಿನಲ್ಲೂ ಒಂದು ಸಾಲು ಬರುತ್ತಿತ್ತು: 'ಎಚ್ಚರಿಕೆ: ಈ ಕಡತ ಮೂರು ಸಾವಿರದಷ್ಟು ಸೆಕೆಂಡು ಭವಿಷ್ಯದಲ್ಲಿದೆ.' ಭೂಮಿಯ ಮೇಲಿನ ಬೇರೆ ಯಾವ ಊರಿನವರಿಗಾದರೂ ಆ ಸಾಲು ಕಣ್ಣಿಗೆ ಚುಚ್ಚುತ್ತಿತ್ತು. ಬರ್ಡಾಕಿನವರಿಗೆ ಚುಚ್ಚುವಂತಿರಲಿಲ್ಲ.

ಬರ್ಡಾಕಿನ ಮುಖ್ಯರಸ್ತೆಯೇ ಪ್ರಾಂತ್ಯಗಳ ಗಡಿ. ಪೂರ್ವದ ಬದಿ ಮ್ಯಾನಿಟೋಬ, ಪಶ್ಚಿಮದ ಬದಿ ಸಸ್ಕ್ಯಾಚವನ್. ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಹೊತ್ತು. ಮಾರ್ಚಿನಲ್ಲಿ ಪೂರ್ವದವರು, ಬೇಸಿಗೆಯ ಉದ್ದ ಹಗಲನ್ನು ಬಳಸಿಕೊಳ್ಳಲೆಂದು, ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರಿನಲ್ಲಿ ಹಿಂದಕ್ಕೆ ತರುತ್ತಾರೆ. ಪಶ್ಚಿಮದವರು ಗಡಿಯಾರ ಮುಟ್ಟುವುದಿಲ್ಲ. ಹಾಗಾಗಿ ಎಂಟು ತಿಂಗಳು ರಸ್ತೆಯ ಪೂರ್ವಕ್ಕೆ ಐದಾದರೆ ಪಶ್ಚಿಮಕ್ಕೆ ನಾಲ್ಕು. ಇದರಿಂದ ಆದ ಜಗಳಗಳು ಮುತ್ತಜ್ಜರ ಕಾಲದಲ್ಲೇ ತೀರ್ಮಾನವಾಗಿವೆ. ಮದುವೆಗೆ ಹೆಣ್ಣಿನ ಮನೆಯ ಗಂಟೆ. ಶವಸಂಸ್ಕಾರಕ್ಕೆ ಸತ್ತವನ ಮನೆಯ ಗಂಟೆ. ಸಭೆಗೆ ಕರೆಯೋಲೆಗೆ ರುಜು ಹಾಕಿದವನ ಮನೆಯ ಗಂಟೆ. ಒಟಿಲಿಯ ಮನೆ ಪೂರ್ವದಲ್ಲಿ, ಅಂಕಣ ಪಶ್ಚಿಮದಲ್ಲಿ. ಮನೆಯಿಂದ ತಂದದ್ದು ಒಂದು ಗಂಟೆ ಮುಂದಿದೆ ಎಂದು ಯಂತ್ರ ಹೇಳಿದರೆ, ಅದಕ್ಕೂ ಊರಿನ ರೀತಿ ತಿಳಿದಿದೆಯಲ್ಲ ಎಂದಷ್ಟೇ ಅವಳಿಗೆ ಅನ್ನಿಸಿದ್ದು.

ಅಕ್ಟೋಬರಿನ ಕೊನೆಯ ಶನಿವಾರ ಬಂತು. ಬೆಳಿಗ್ಗೆ ಹತ್ತೊಂಬತ್ತನೆಯ ಸಿಸ್ಟಂ ಬೂದು ಪೆಟ್ಟಿಗೆಯಲ್ಲಿ ಎದ್ದು ಕೂತಿತು. ಗಾಬರಿಯಾಗಲಿಲ್ಲ. ಹೆಸರು ಕೇಳಿದರೆ 'ಒಂಬತ್ತು' ಎಂದಿತು. ಒಟಿಲಿಯ ತವರಿನ ಮಕ್ಕಳ ಸಂಖ್ಯೆ. ಕಂಪ್ರೆಸರನ್ನೂ ಓಡಿಸಿತು. ಆದರೆ ನಿಲ್ಲಿಸಲಿಲ್ಲ. ನೆಲದ ತಾಪಮಾಪಕ ಹಳೆಯ ಫ್ಯಾರನ್‌ಹೀಟ್ ಲೆಕ್ಕದ್ದು. ಅದು ಇಪ್ಪತ್ತಮೂರು ಎಂದರೆ ಸರಿಯಾದ ಮಂಜು. ಸಿಸ್ಟಂ ಅದನ್ನು ಸೆಲ್ಸಿಯಸ್ ಎಂದುಕೊಂಡು, ಅಂಕಣದಲ್ಲಿ ಬೇಸಿಗೆ ಬಂದಿದೆಯೆಂದು ತಂಪು ಕಳಿಸುತ್ತಲೇ ಇತ್ತು. ಒಟಿಲಿ ವಿದ್ಯುತ್ ತೆಗೆದಳು. ಕಾರಣ ಸಿಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಒಂದೇ ಸಾಲಿನ ತಿದ್ದುಪಡಿ. ಅಲ್ಲೇ ಕೂತು ಮಾಡಬಹುದಿತ್ತು. ಆದರೆ ಸಭೆಗೆಂದು ಮಾಡಿದ ಬನ್ನುಗಳು ಮನೆಯಲ್ಲಿ ಉಬ್ಬಿ ನಿಂತಿದ್ದವು, ಲೆಕ್ಕದ ನೋಟ್‌ಬುಕ್ಕೂ ಅಲ್ಲೇ ಇತ್ತು. ಮನೆಗೆ ಹೋದಳು. ಬನ್ನು ಒಲೆಗೆ ಹಾಕಿ, ಸಾಲು ತಿದ್ದಿ, ನಾಲ್ಕು ಸಲ ಓದಿದಳು. ಕಡತ ಉಳಿಸಿದಾಗ ಅಡಿಗೆಮನೆಯ ಗಡಿಯಾರದಲ್ಲಿ ಐದು ಐವತ್ತೆರಡು. ಬನ್ನಿನ ಬುಟ್ಟಿ ಹಿಡಿದು ರಸ್ತೆ ದಾಟಿದಳು. ಅಂಕಣದ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಇತ್ತು. ಉಬ್ಬಲು ಒಂದು ಗಂಟೆ ಸಿಗುತ್ತದೆ. ಆರಕ್ಕೆ ಸರಿಹೋಗುತ್ತದೆ.

ಕಡ್ಡಿ ಚುಚ್ಚಿ, ಆದೇಶ ಕೊಟ್ಟು, ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ನೆಸ್ಟರ್ ಬಂದ. ಅವನ ಹಿಂದೆ ಪೂರ್ವದ ಬದಿಯ ಏಳು ಸದಸ್ಯರು, ಟೋಪಿಯ ಹಿಮ ಕೊಡವುತ್ತಾ.

"ಆರಾಯ್ತು," ಎಂದ ನೆಸ್ಟರ್, ಕೈಗಡಿಯಾರ ತೋರಿಸಿ. "ಎಲ್ಲಿ, ಓಡಿಸು."

ಪರದೆಯ ಮೇಲೆ ಪ್ರಶ್ನೆಗಳು ಹರಿಯುತ್ತಿದ್ದವು. ಕಂಪೈಲರ್ ಇದೆಯೇ? ಇದೆ. ಸ್ವಸ್ಥಚಿತ್ತವೇ? ಹೌದು.

"ಇನ್ನೂ ಐದು ಗಂಟೆ ನೆಸ್ಟರ್."

"ಯಾರ ಐದು? ಸಭೆ ಕರೆದೋನು ನಾನು. ನನ್ನ ಮನೆ ಪೂರ್ವಕ್ಕಿದೆ, ನನ್ನ ಗಡಿಯಾರ ಆರು ಅಂತಿದೆ. ಕೀಲಿ ಕೊಡು, ಸಮಾಧಾನವಾಗಿ ಬನ್ನು ತಿಂದು ಹೋಗೋಣ."

ಬರ್ನಿಸ್ ಅಡಿಗೆಮನೆಯ ಕಿಂಡಿಯಿಂದ ತಲೆ ಹಾಕಿದಳು. "ಆಹಾ, ನೀರಲ್ಲಿ ಕಲ್ಲು ಬಿಟ್ಟ ಧಣಿ ಬಂದ್ರು! ಒಂದು ಗಂಟೆ ಕಾದ್ರೆ ಮಂಡಿ ನೋವಾಗುತ್ತಾ?"

"ನೀನು ಸುಮ್ನಿರು ಬರ್ನಿಸ್. ನಿಯಮ ನಿಯಮ."

"ನಿಯಮ ಅಂದ್ಯಲ್ಲ, ತಗೋ." ಎಂದವನು ಕಾರ್ಯದರ್ಶಿ ಲಾರ್ನ್. ಅವನು ಮೊದಲೇ ಬಂದು ಮೂಲೆಯ ಬೆಂಚಿನಲ್ಲಿ ಕೂತಿದ್ದ. ಗೋಡೆಗೆ ಹಚ್ಚಿದ ಕರೆಯೋಲೆಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟ. "ಇದಕ್ಕೆ ರುಜು ಹಾಕಿರೋದು ಯಾರು? ಓದು."

"ನೀನು. ನಾನು ಹೇಳಿ ಬರೆಸಿದ್ದು."

"ಹೇಳಿದವನ ಗಂಟೆ ಅಂತ ನಿಯಮ ಇಲ್ಲ. ರುಜು ಹಾಕಿದವನ ಗಂಟೆ. ನನ್ನ ಮನೆ ಎಲ್ಲಿ?"

"ನನ್ನ ಪಕ್ಕದ್ದೇ. ಮೂವತ್ತು ವರ್ಷದಿಂದ ನಿನ್ನ ನಾಯಿ ನನ್ನ ಕ್ಯಾರೆಟ್ ಅಗೀತಿದೆ."

"ಆಗಸ್ಟಿನಿಂದ ಅಗೆದಿದೆಯಾ?"

ನೆಸ್ಟರ್ ಯೋಚಿಸಿದ. ಅಗೆದಿರಲಿಲ್ಲ. ಪೂರ್ವದಲ್ಲಿ ಟಿವಿಯ ಹಾಕಿ ಪಂದ್ಯ ಮುಗಿಯುವ ಮೊದಲೇ ಮಲಗುವ ಹೊತ್ತಾಗುತ್ತದೆಂದು ಲಾರ್ನ್ ಬೇಸಿಗೆಯ ಕೊನೆಗೆ ರಸ್ತೆ ದಾಟಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಗೆ ಸಾಮಾನು ಸಾಗಿಸಿದ್ದ. ಇಪ್ಪತ್ತು ಹೆಜ್ಜೆ ದೂರವಾದ್ದರಿಂದ ಯಾರೂ ಗಮನಿಸಿರಲಿಲ್ಲ.

"ಹಂಗಾದ್ರೆ ನಾನೀಗ…"

"ನೀನೀಗ ಒಂದು ಗಂಟೆ ಮುಂದಿನಿಂದ ಬಂದಿದ್ದೀಯ," ಎಂದ ಲಾರ್ನ್. "ಭವಿಷ್ಯದಿಂದ. ನೀನು ಎಷ್ಟೇ ಕೂಗಾಡು, ಇಲ್ಲಿ ನಿನ್ನ ಮಾತು ಲೆಕ್ಕಕ್ಕಿಲ್ಲ. ಸುಮ್ನೆ ಕೂತ್ಕೋ. ಇಲ್ಲಿನ ಗಡಿಯಾರ ಬಂದು ನಿನ್ನನ್ನ ಮುಟ್ಟಿದಾಗ ಸಭೆ ಶುರು."

ಒಟಿಲಿ ಪರದೆಯತ್ತ ತಿರುಗಿದ್ದಳು. ಸಾಲುಗಳ ನಡುವೆ ಆ ಸಾಲು ಹಾದುಹೋಯಿತು: ಈ ಕಡತ ಎರಡು ಸಾವಿರದ ಒಂಬೈನೂರು ಸೆಕೆಂಡು ಭವಿಷ್ಯದಲ್ಲಿದೆ. ಅವಳು ನೆಸ್ಟರನನ್ನು ನೋಡಿದಳು. ನೆಸ್ಟರ್ ಬಾಯಿ ತೆರೆದು, ಮುಚ್ಚಿ, ಮತ್ತೆ ಅದನ್ನೇ ಕೇಳಿದ: "ರುಜು ಯಾರದ್ದಾದ್ರೇನು, ಕರೆದೋನು ನಾನಲ್ವಾ?" ಲಾರ್ನ್ ಮತ್ತೆ ಅದನ್ನೇ ಹೇಳಿದ. ನೆಸ್ಟರ್ ಮತ್ತೆ ಕೇಳಿದ. ಪೆಟ್ಟಿಗೆ ಕೇಳಿತು: ಕಂಪೈಲರ್ ಇದೆಯೇ? ಇದೆ.

ಮೂರು ಸುತ್ತು ಕಳೆದ ಮೇಲೆ ಸಂಖ್ಯೆ ಇಳಿದಿತ್ತು. ಎರಡು ಸಾವಿರದ ನಾನೂರ ಇಪ್ಪತ್ತು. ಅವಳು ಬನ್ನಿನ ಕಾಗದದ ಅಂಚಿನಲ್ಲಿ ಭಾಗಿಸಿದಳು. ನಲವತ್ತು ನಿಮಿಷ, ಇಪ್ಪತ್ತು ಸೆಕೆಂಡು. ಗೋಡೆಯಲ್ಲಿ ಐದು ಹನ್ನೊಂದು ದಾಟಿತ್ತು. ಕೂಡಿಸಿದಳು.

ಕಡತ ಪೂರ್ವದ ಐದು ಐವತ್ತೆರಡನ್ನು ಹಣೆಯಲ್ಲಿ ಬರೆದುಕೊಂಡು ಬಂದಿತ್ತು. ಮಾಡಿಟ್ಟ ಕೆಲಸದ ಹೊತ್ತು ಕಡತದ ಹೊತ್ತಿಗಿಂತ ಹಿಂದಿನದಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂಬುದು ಯಂತ್ರದ ನಿಯಮ. ಅದು ಮೊದಲಿನಿಂದ ಮಾಡಿ ಮುಗಿಸಿದಾಗಲೂ ಕಡತ ಇನ್ನೂ ಮುಂದೆಯೇ ಇರುತ್ತಿತ್ತು. ಉಬ್ಬುತ್ತಿದ್ದದ್ದು ಏನೂ ಇಲ್ಲ. ಪಶ್ಚಿಮವು ಪೂರ್ವವನ್ನು ಹಿಂಬಾಲಿಸಿ ಬರುವವರೆಗೆ ಪೆಟ್ಟಿಗೆ ನಿಯಮ ಪಾಲಿಸುತ್ತಾ ಕೂತಿತ್ತು, ಅಷ್ಟೇ.

"ಐದು ಐವತ್ತೆರಡಕ್ಕೆ ಪ್ರಶ್ನೆ ನಿಲ್ಲುತ್ತೆ," ಎಂದಳು ಒಟಿಲಿ. "ಐವತ್ತೆಂಟಕ್ಕೆ ಎದ್ದು ಕೂರುತ್ತೆ. ಆರಕ್ಕೆ ಕಂಪ್ರೆಸರ್."

ಕಂಪ್ಯೂಟರು ಯಾವಾಗ ಕೆಲಸ ಮುಗಿಸುತ್ತದೆಂದು ಮನುಷ್ಯರೊಬ್ಬರು ನಿಮಿಷದ ಲೆಕ್ಕದಲ್ಲಿ ಹೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಸಿಸ್ಟಂ ಮಾರಿದವನು ಕೂಡ ಹೇಳಿದ್ದು ಶೇಕಡಾ ನಾಲ್ಕು ಎಂದಷ್ಟೇ.

"ಯಾವ ಐವತ್ತೆರಡು?" ಎಂದ ನೆಸ್ಟರ್, ಅನುಮಾನದಿಂದ.

"ಈ ಗೋಡೇದು."

"ಆಗದಿದ್ರೆ?"

ಒಟಿಲಿ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲೆ, ಬನ್ನಿನ ಬುಟ್ಟಿಯ ಪಕ್ಕದಲ್ಲಿಟ್ಟಳು. ಐದೂ ಕೀಲಿಗಳು.

ಆಮೇಲೆ ಕಾಯುವುದು. ಬರ್ನಿಸ್ ಸಸ್ಕಟೂನ್ ಎಂಬ ಕಾಡುಹಣ್ಣಿನ ಪೈ ಹಂಚಿದಳು. ಪಶ್ಚಿಮದ ಸದಸ್ಯರು ಒಬ್ಬೊಬ್ಬರಾಗಿ ಬಂದು, ಪೂರ್ವದವರು ಆಗಲೇ ಎರಡನೆಯ ತುಂಡಿನಲ್ಲಿರುವುದನ್ನು ಕಂಡು, ಎಂಟು ತಿಂಗಳ ಹಳೆಯ ಆಕ್ಷೇಪವನ್ನು ಇನ್ನೊಮ್ಮೆ ದಾಖಲಿಸಿದರು. ಹದಿನೈದು ಜನ ಅರ್ಧವೃತ್ತವಾಗಿ ಕೂತು, ಒಂದು ಪೆಟ್ಟಿಗೆ ತನಗೆ ಬುದ್ಧಿ ನೆಟ್ಟಗಿದೆಯೇ ಎಂದು ಕೇಳಿಕೊಂಡು ನೆಟ್ಟಗಿದೆ ಎಂದು ಹೇಳಿಕೊಳ್ಳುವುದನ್ನು ನೋಡಿದರು. ಹತ್ತನೆಯ ಸುತ್ತಿನಿಂದ ಲಾರ್ನ್ ಅದರ ಜೊತೆಗೆ ಉತ್ತರ ಹೇಳತೊಡಗಿದ. ಹದಿನಾಲ್ಕನೆಯದರಲ್ಲಿ ಎಲ್ಲರೂ ಸೇರಿಕೊಂಡರು. ನೆಸ್ಟರ್ ಸೇರಲಿಲ್ಲ, ಆದರೆ ಅವನ ತುಟಿ ಅಲ್ಲಾಡುತ್ತಿತ್ತು.

"ಐವತ್ತೊಂದು," ಎಂದಳು ಬರ್ನಿಸ್.

ಕಂಪೈಲರ್ ಇದೆಯೇ?

"ಇದೆ!" ಎಂದರು ಹದಿನಾಲ್ಕು ಜನ.

ಐವತ್ತೆರಡಕ್ಕೆ ನಡೆಯುತ್ತಿದ್ದ ಸುತ್ತು ಇನ್ನೂರನೆಯ ಪ್ರಶ್ನೆಗೆ ಬಂತು. ನಿಂತಿತು. ಪರದೆ ಒಂದು ಕ್ಷಣ ಸುಮ್ಮನಿತ್ತು. ಅನಂತರ ಬೇರೆ ಬಗೆಯ ಸಾಲುಗಳು, ಗಿಡ್ಡವು, ಒಂದರ ಹಿಂದೊಂದು ಓಡತೊಡಗಿದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋರ್ಕುಗಳು ತಟ್ಟೆಯ ಮೇಲೆ ಹಾಗೆಯೇ ನಿಂತಿದ್ದವು. ಐವತ್ತೇಳಕ್ಕೆ ಒಟಿಲಿ ಪೆಟ್ಟಿಗೆಯನ್ನು ಆರಿಸಿ ಹಚ್ಚಿದಳು. ಐವತ್ತೆಂಟಕ್ಕೆ 'ಒಂಬತ್ತು ಸಿದ್ಧ' ಎಂದು ಬಂತು. ತಾಪಮಾಪಕದ ಸಂಖ್ಯೆಯನ್ನು ಓದಿತು. ಬೆಳಗಿನಂತೆ ಬೇಸಿಗೆ ಬಂದಿದೆಯೆಂದು ಬೆಚ್ಚಲಿಲ್ಲ, ಮೂವತ್ತೆರಡನ್ನು ಸೊನ್ನೆ ಎಂದಿತು. ಆರಕ್ಕೆ ಹದಿನೈದು ಸೆಕೆಂಡು ಇರುವಾಗ ನೆಲದಡಿಯಲ್ಲಿ ಕಂಪ್ರೆಸರ್ ಗುರುಗುಟ್ಟಿತು. ಬೆಂಚುಗಳು ಮೆಲ್ಲಗೆ ನಡುಗಿದವು. ಅರ್ಧಗಂಟೆಯ ಬಳಿಕ, ಸಾಕಷ್ಟು ತಂಪಾದ ಮೇಲೆ, ಅದು ತಾನಾಗಿಯೇ ನಿಂತಿತು. ಒಟಿಲಿ ಬಗ್ಗಿ ಮುಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ನೋಡಿ ತಲೆಯಾಡಿಸಿದಳು.

"ಹದಿನೈದು ಸೆಕೆಂಡು ಮುಂಚೆ ಬಂತು," ಎಂದ ನೆಸ್ಟರ್.

"ಭವಿಷ್ಯದಿಂದ ಬಂದೋರು ಅದನ್ನ ಹೇಳಬಾರದು," ಎಂದು ಲಾರ್ನ್ ನಡಾವಳಿ ಪುಸ್ತಕ ತೆರೆದ.

ಮತಕ್ಕೆ ಹಾಕಿದಾಗ ಹದಿನಾಲ್ಕು ಕೈ ಎದ್ದವು. ನೆಸ್ಟರ್ ಕೈ ಎತ್ತಲಿಲ್ಲ. ಕೀಲಿಗೊಂಚಲನ್ನು ಎತ್ತಿ, ಎಣಿಸಿ, ಒಟಿಲಿಯ ಮುಂದೆ ತಳ್ಳಿದ. "ಈ ಎರಡು ಕೀಲಿ ಯಾವುದಕ್ಕೆ?"

"ಗೊತ್ತಿಲ್ಲ."

"ಒಳಗೇನಿದೆ ಗೊತ್ತಿಲ್ಲದ್ದನ್ನ ಇಟ್ಕೊಳ್ಳಲ್ಲ ಅಂದಿದ್ದೆ."

"ಕೀಲಿ ಒಳಗೆ ಏನೂ ಇರಲ್ಲ ನೆಸ್ಟರ್," ಎಂದು ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಪೆಟ್ಟೆರಿಗೆ ಎಲ್ಲವನ್ನೂ ಬರೆದಳು. ಅವನ ಉತ್ತರ ಬರಲು ಎರಡು ದಿನ ಹಿಡಿಯಿತು. "ಆ ಸಾಲು ನಿಮಗೆ ವಿಚಿತ್ರ ಅನ್ನಿಸಲಿಲ್ವಾ?" ಎಂದು ಮೂರು ಸಲ ಕೇಳಿದ್ದ. ಕಡತದ ಹೊತ್ತನ್ನು ಈಗಿನ ಹೊತ್ತಿಗೆ ತರಲು ಒಂದೇ ಪದದ ಆದೇಶ ಸಾಕಿತ್ತಂತೆ. ಒಂದು ಸೆಕೆಂಡಿನ ಕೆಲಸ. ಇನ್ನು ಮುಂದೆ ಎರಡೂ ಯಂತ್ರಗಳನ್ನು ಗ್ರೀನಿಚ್ ಹೊತ್ತಿಗೆ ಇಟ್ಟು, ಕಡ್ಡಿಯನ್ನೂ ಆ ಹೊತ್ತಿನಲ್ಲೇ ಓದಿಸಿದರೆ ಈ ತಂಟೆ ಬರುವುದಿಲ್ಲವೆಂದೂ ಬರೆದಿದ್ದ. ಒಟಿಲಿ ಮರು ಓಲೆಯಲ್ಲಿ ಬನ್ನಿನ ವಿಧಾನ ಬರೆದು ಕಳಿಸಿದಳು. ಉಬ್ಬುವ ಹೊತ್ತು ಒಂದು ಗಂಟೆ ಎಂಬುದರ ಕೆಳಗೆ ಗೆರೆ ಎಳೆದಿದ್ದಳು.

ಸಲಹೆಯನ್ನು ಮಾತ್ರ ಪೂರ್ತಿ ಪಾಲಿಸಿದಳು. ಬೂದು ಪೆಟ್ಟಿಗೆ ಗ್ರೀನಿಚ್‌ಗೆ ಹೋಯಿತು. ಅಂಕಣದ ಗೋಡೆಯ ದೊಡ್ಡ ಗಡಿಯಾರ ಪೆಟ್ಟಿಗೆಗೆ ಜೋಡಿಸಿದ್ದಾದ್ದರಿಂದ ಅದೂ ಹೋಯಿತು. ಬರ್ಡಾಕಿನಲ್ಲಿ ಈಗ ಮೂರು ಹೊತ್ತು. ಸಂಜೆ ಆರಕ್ಕೆ ಅಂಕಣದಲ್ಲಿ ಮಧ್ಯರಾತ್ರಿ. ನವೆಂಬರಿನ ಪಂದ್ಯಾವಳಿಯ ಕರೆಯೋಲೆಯಲ್ಲಿ 'ಶನಿವಾರ ಸೊನ್ನೆ ಗಂಟೆಗೆ' ಎಂದು ಲಾರ್ನ್ ಬರೆದ. ಅಲ್ಲಿ ಶನಿವಾರ ಶುರುವಾಗುವುದು ಇಲ್ಲಿನ ಶುಕ್ರವಾರ ಸಂಜೆಗೆ. ಅದು ತಿಳಿದವರು ಶುಕ್ರವಾರ ಬಂದು ಆಡಿದರು. ತಿಳಿಯದ ಎರಡು ತಂಡಗಳು ಶನಿವಾರ ಬಂದು, ಪೊರಕೆ ಹಿಡಿದುಕೊಂಡು ಬರ್ನಿಸಳ ಉಳಿದ ಪೈ ತಿಂದು ಹೋದವು. ಯಾರೂ ದೂರಲಿಲ್ಲ, ಮೂರನೆಯ ಹೊತ್ತು ರಸ್ತೆಯ ಯಾವ ಬದಿಯದೂ ಆಗಿರಲಿಲ್ಲ.

ಪಂದ್ಯ ಶುರುವಾಗುವ ಮೊದಲು ನೆಸ್ಟರ್ ಒಂದು ಬೇಡಿಕೆ ಇಟ್ಟ. ಫೆಬ್ರವರಿಯ ಆ ಕೊನೆಯ ಕಲ್ಲನ್ನು ಇನ್ನೊಮ್ಮೆ ಜಾರಿಸಬೇಕು, ಎಲ್ಲರೂ ನೋಡಬೇಕು, ಅಷ್ಟೇ. ಒಟಿಲಿ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದಕ್ಕೆ ನಡೆಯುತ್ತಾ, ಅಂಕಣದ ಉದ್ದಕ್ಕೂ ಸಣ್ಣ ಹನಿ ಚಿಮುಕಿಸಿದಳು. ಹನಿಗಳು ಬಿದ್ದಲ್ಲೇ ಹರಳಾದವು.

ನೆಸ್ಟರ್ ಮಂಡಿಯೂರಿ ಕಲ್ಲು ಬಿಟ್ಟ. ಅದು ಸದ್ದಿಲ್ಲದೆ ಹೋಯಿತು. ಮುಕ್ಕಾಲು ದಾರಿ ದಾಟಿತು. ಗುರಿಯ ವೃತ್ತದೊಳಗೆ ಬಂತು, ನಟ್ಟನಡುವಿನ ಮೇಲೆ ಹಾಯಿತು, ಆಚೆ ಬದಿಯಿಂದ ಹೊರಬಿದ್ದು, ಹಿಂದಿನ ಹಲಗೆಗೆ ಬಡಿದು ನಿಂತಿತು.

ನೆಸ್ಟರ್ ಎದ್ದು, ಒಣಗಿದ್ದ ಮಂಡಿ ಮುಟ್ಟಿ ನೋಡಿಕೊಂಡ.

"ನೀರಿದ್ದಿದ್ರೆ," ಎಂದ ಕೊನೆಗೆ, "ಸರಿಯಾಗಿ ನಿಲ್ತಿತ್ತು."